ಡ್ರ್ಯಾಗನ್ ಸರಿ, ಕೋಳಿ ರೇಟ್ ಎಷ್ಟು?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡೋ ಗುಂಪುಗಳು ನಮ್ಮ ಹಾಸ್ಟೆಲ್‌ಗಳಲ್ಲಿ ಸೆಮಿಸ್ಟರ್‌ಗೊಂದರಂತೆ ಹುಟ್ಟಿಕೊಳ್ತಿವೆ. ಜೊತೆಗೇ ಒಂದು ವಾದವೂ ಬೆಳೀತಿದೆ: ಯಾವ ಸೋರ್ಸ್‌ಬುಕ್ ಚೆನ್ನಾಗಿದೆ? ಹಾರ್ಡ್‌ಕವರ್ ತಗೊಂಡ್ರೆ ಸಾವಿರಗಟ್ಟಲೆ ದುಡ್ಡು, ನಾಲ್ಕೈದು ಜನ ಸೇರಿ ಹಾಕಬೇಕು. ಹಾಗಾಗಿ ಪ್ರಶ್ನೆ ಸಣ್ಣದಲ್ಲ. ಆದರೆ ಸಿಗೋ ಉತ್ತರಗಳು ಮಾತ್ರ ಯಾವಾಗಲೂ ಒಂದೇ ಥರ. "ಆರ್ಟ್ ಸಖತ್ ಐತಿ." "ಮುನ್ನೂರು ಪುಟ ಐತಲೇ, ದುಡ್ಡಿಗೆ ಮೋಸ ಇಲ್ಲ." "ಮಾನ್ಸ್ಟರ್ ಭಾಳ ಅದಾವ."

ಈ ಮೂರೂ ಅಳತೆ ಸಾಲದು ಅನ್ನೋದು ನಮ್ಮ ವಾದ. ಚಿತ್ರ, ಪುಟ, ಮಾನ್ಸ್ಟರ್ ಇವೆಲ್ಲ ಆಮೇಲೆ. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಪುಸ್ತಕ ಏನನ್ನು ಎಣಿಸುತ್ತೆ? ಯಾವುದಕ್ಕೆ ಅಂಕಿ ಕೊಟ್ಟಿದೆ, ಯಾವುದಕ್ಕೆ ಬೆಲೆ ಕಟ್ಟಿದೆ, ಯಾವುದನ್ನು ಬರೀ ವರ್ಣನೆ ಮಾಡಿ ಬಿಟ್ಟಿದೆ? ಇದನ್ನು ನೋಡಿದ್ರೆ ಆ ಪುಸ್ತಕ ಇಟ್ಕೊಂಡು ಆಡಿದಾಗ ನಾವು ಮೇಜಿನ ಮೇಲೆ ಏನು ಮಾಡ್ತೀವಿ ಅನ್ನೋದು ಮುಂಚೇನೇ ಗೊತ್ತಾಗುತ್ತೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ನಾಲ್ಕೈದು ಜನ ಕೂತು ಮಾತಿನಲ್ಲೇ ಕಥೆ ಕಟ್ಟೋ ಆಟ. ಪ್ರತಿಯೊಬ್ಬರಿಗೂ ಒಂದು ಪಾತ್ರ. ಡಿಎಂ ಅಂತ ಒಬ್ಬರು ಲೋಕವನ್ನು ನಡೆಸ್ತಾರೆ, ನಮ್ಮ ಕಡೆಯ ಬಯಲಾಟದ ಸಾರಥಿ ಇದ್ದ ಹಾಗೆ. ಬಂದ ಪಾತ್ರವನ್ನು ಮಾತಾಡಿಸೋದು, ಮುಂದಿನ ಸನ್ನಿವೇಶಕ್ಕೆ ತಿರುಗಿಸೋದು ಅವರ ಕೆಲಸ. ಗೆದ್ದರೋ ಸೋತರೋ ಅನ್ನೋದನ್ನು ಡೈಸ್ ಹೇಳುತ್ತೆ. ನಿಯಮದ ಪುಸ್ತಕ ಬೇರೆ ಇರುತ್ತೆ. ಸೋರ್ಸ್‌ಬುಕ್ ಅಂದ್ರೆ ಆಟಕ್ಕೆ ಬೇಕಾದ ಸಾಮಾನಿನ ಉಗ್ರಾಣ: ಒಂದು ನಾಡು, ಅಲ್ಲಿನ ಊರು, ಜನ, ದೇವರು, ಪ್ರಾಣಿ, ನಕ್ಷೆ, ಬೆಲೆಪಟ್ಟಿ.

ಎಣಿಸಿದ್ದೇ ಆಟ

ಈ ಆಟ ಮೊದಲು ಬಂದಿದ್ದು 1974ರಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಬರೆದ ಆ ಮೊದಲ ನಿಯಮಗಳಲ್ಲಿ ಅನುಭವದ ಅಂಕ ಸಿಗ್ತಿದ್ದಿದ್ದು ಮುಖ್ಯವಾಗಿ ಹೊನ್ನಿನಿಂದ. ಗುಹೆಯಿಂದ ಒಂದು ಚಿನ್ನದ ನಾಣ್ಯ ಹೊರಗೆ ತಂದ್ರೆ ಒಂದು ಅಂಕ. ರಾಕ್ಷಸನನ್ನು ಕೊಂದ್ರೂ ಅಂಕ ಇತ್ತು, ಆದರೆ ಚಿನ್ನದ ಮುಂದೆ ಅದು ಪುಡಿಗಾಸು. ಪರಿಣಾಮ ಏನಾಯ್ತು? ಆಟಗಾರರು ಆದಷ್ಟು ಹೊಡೆದಾಟ ತಪ್ಪಿಸಿಕೊಂಡು, ಕದ್ದು ಮುಚ್ಚಿ ನುಗ್ಗಿ, ಪೆಟ್ಟಿಗೆ ಎತ್ಕೊಂಡು ಓಡೋದನ್ನು ಕಲಿತರು. 1989ರ ಎರಡನೇ ಆವೃತ್ತಿ ಹೊತ್ತಿಗೆ ಚಿನ್ನದ ಅಂಕ ಬೇಕಾದವರು ಇಟ್ಕೊಳ್ಳಬಹುದಾದ ನಿಯಮ ಆಯ್ತು. ಮುಂದೆ ಅಂಕದ ತೂಕ ಹೊಡೆದಾಟದ ಕಡೆ ವಾಲಿತು. ಅದೇ ಗುಹೆ, ಅದೇ ರಾಕ್ಷಸ, ಅದೇ ಕತ್ತಿ. ಆದರೆ ಈಗ ಬಾಗಿಲು ತೆರೆದ ಕೂಡಲೇ ಎಲ್ಲರೂ ಕತ್ತಿ ಎಳೀತಾರೆ. ವರ್ಣನೆ ಬದಲಾಗಲಿಲ್ಲ, ಎಣಿಕೆ ಬದಲಾಯ್ತು. ಆಟವೇ ಬದಲಾಯ್ತು.

ಇದು ನಮಗೆ ಗೊತ್ತಿಲ್ಲದ ವಿಷಯ ಏನಲ್ಲ. 85% ಅಟೆಂಡೆನ್ಸ್ ಎಣಿಸ್ತಾರೆ, ಅದಕ್ಕೇ ಕೊನೇ ಬೆಂಚಿನಲ್ಲಾದ್ರೂ ಹೋಗಿ ಕೂರ್ತೀವಿ. ಪಾಠ ಅರ್ಥ ಆಯ್ತಾ ಅಂತ ರಿಜಿಸ್ಟರ್‌ನಲ್ಲಿ ಕಾಲಂ ಇಲ್ಲ, ಅದಕ್ಕೇ ಅದು ಹಿಂದೆ ಬಿದ್ದಿದೆ. ಆಕ್ಟಿವಿಟಿ ಪಾಯಿಂಟ್ 100 ಬೇಕು ಅಂದ್ರು, ಗಿಡ ನೆಟ್ಟು ಫೋಟೋ ತೆಗೆಸಿಕೊಂಡ್ವಿ. ಗಿಡಕ್ಕೆ ನೀರು ಹಾಕೋಕೆ ಪಾಯಿಂಟ್ ಇದ್ದಿದ್ರೆ ಕ್ಯಾಂಪಸ್ಸು ಇಷ್ಟೊತ್ತಿಗೆ ಕಾಡಾಗಿರ್ತಿತ್ತು.

ಇನ್ನೊಂದು ಉದಾಹರಣೆ ನಮಗೆ ಹತ್ತಿರದ್ದು. 1980ರಲ್ಲಿ 'ಡೈಟೀಸ್ ಅಂಡ್ ಡೆಮಿಗಾಡ್ಸ್' ಅನ್ನೋ ಸೋರ್ಸ್‌ಬುಕ್ ಬಂತು. ಜೇಮ್ಸ್ ವಾರ್ಡ್ ಮತ್ತು ರಾಬರ್ಟ್ ಕುಂಟ್ಜ್ ಬರೆದಿದ್ದು. ಗ್ರೀಕ್, ನಾರ್ಸ್, ಈಜಿಪ್ಟಿನ ದೇವರುಗಳ ಜೊತೆ ಭಾರತದ್ದೂ ಒಂದು ಅಧ್ಯಾಯ ಇತ್ತು. ಇಂದ್ರ, ಅಗ್ನಿ, ವರುಣ, ವಿಷ್ಣು ಎಲ್ಲರೂ ಅದರಲ್ಲಿ ಇದ್ದಾರೆ, ಪ್ರತಿಯೊಬ್ಬರಿಗೂ ಹಿಟ್ ಪಾಯಿಂಟ್ ಎಷ್ಟು, ಒಂದೇಟಿಗೆ ಎಷ್ಟು ಪೆಟ್ಟು ಅನ್ನೋ ಪಟ್ಟಿಯ ಸಮೇತ. ಧರ್ಮಕ್ಕೆ ಅವಮಾನ ಆಯ್ತು ಅಂತ ಕೂಗೋಕೆ ನಾವು ಈ ಮಾತು ತೆಗೀತಿಲ್ಲ. ನಮ್ಮ ತಕರಾರು ಪುಸ್ತಕದ ಗುಣಮಟ್ಟದ್ದು. ದೇವರಿಗೆ ಹಿಟ್ ಪಾಯಿಂಟ್ ಕೊಟ್ಟ ಕೂಡಲೇ ಅದು ಹೊಡೆದು ಸೊನ್ನೆ ಮಾಡಬಹುದಾದ ಅಂಕಿ ಆಯ್ತು. ಹರಕೆ ಹೊತ್ತರೆ ಏನಾಗುತ್ತೆ, ಜಾತ್ರೆ ನಿಂತರೆ ಊರಿಗೆ ಏನಾಗುತ್ತೆ, ಪೂಜಾರಿಗೂ ಪಾಳೇಗಾರನಿಗೂ ಜಗಳ ಆದ್ರೆ ಜನ ಯಾರ ಕಡೆ ನಿಲ್ತಾರೆ, ಇಂಥದ್ದು ಆಟಕ್ಕೆ ಬೇಕು. ಇವಕ್ಕೆ ಪಟ್ಟಿ ಇಲ್ಲ.

ಅದಕ್ಕೂ ಮುಂಚೆ 1976ರಲ್ಲಿ ಇದೇ ಇಬ್ಬರ ಇನ್ನೊಂದು ಪುಸ್ತಕ ಬಂದಾಗ ಸಂಪಾದಕ ಟಿಮ್ ಕ್ಯಾಸ್ಕ್ ಮುನ್ನುಡಿಯಲ್ಲಿ ಒಂದು ಆಸೆ ಇಟ್ಕೊಂಡಿದ್ದರು. ಓಡಿನ್‌ನಂಥ ದೇವರಿಗೇ 300 ಹಿಟ್ ಪಾಯಿಂಟ್ ಇರುವಾಗ, 40ನೇ ಲೆವೆಲ್ ದಾಟಿದ ವೀರರನ್ನು ಇಟ್ಕೊಂಡು ಆಡೋದು ಎಷ್ಟು ಹಾಸ್ಯಾಸ್ಪದ ಅಂತ ಜನಕ್ಕೆ ಹೊಳೆಯಲಿ ಅನ್ನೋದು ಆ ಆಸೆ. ಆದರೆ 300 ಅಂತ ಬರೆದ ಮೇಲೆ ಅದನ್ನು ಓದೋ ಹುಡುಗನಿಗೆ ಮುನ್ನುಡಿ ಕಾಣಲ್ಲ, 300 ಕಾಣುತ್ತೆ. ಮುನ್ನುಡಿಯಲ್ಲಿ ಏನೇ ಬುದ್ಧಿ ಹೇಳಿದ್ರೂ ಪಟ್ಟಿಯ ಮಾತೇ ನಡೆಯೋದು.

ಹಂಪಿ ಮೇಲೆ ಈ ಅಳತೆ

ಈಗ ನಮ್ಮೂರಿಗೆ ಬರೋಣ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ. ಫ್ಯಾಂಟಸಿ ಆಟಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಬಂಡೆ, ಹೊಳೆ, ಪಾಳುಬಿದ್ದ ರಾಜಧಾನಿ, ಕಿಷ್ಕಿಂಧೆಯ ಬೆಟ್ಟ, ದರೋಜಿಯ ಕರಡಿ, ಸಂಡೂರಿನ ಕೆಂಪು ಗುಡ್ಡ. ನಮ್ಮಲ್ಲಿ ಹತ್ತಾರು ಜನ "ಹಂಪಿ ಮೇಲೆ ಒಂದು ಸೆಟ್ಟಿಂಗ್ ಬರೀತೀನಿ" ಅಂತ ಫೋಲ್ಡರ್ ಮಾಡಿ ಇಟ್ಟಿದ್ದಾರೆ. ಸುಮಾರು ಕರಡುಗಳನ್ನು ನಾವು ಓದಿದ್ದೀವಿ. ಹೆಚ್ಚಿನವುಗಳ ಅಚ್ಚು ಒಂದೇ: ಕೃಷ್ಣದೇವರಾಯನ ಮೇಲೆ ಎಂಟು ಪುಟ, 1565ರ ಯುದ್ಧದ ಮೇಲೆ ನಾಲ್ಕು ಪುಟ, ಆಮೇಲೆ "ನೆಲದಡಿಯಲ್ಲಿ ಹುದುಗಿರುವ ಅಪಾರ ನಿಧಿ".

ಇಲ್ಲೇ ನಮಗೆ ಭಯ ಆಗೋದು. ನಿಧಿಗೆ ಅಂಕ ಕೊಟ್ರೆ ಆಟಗಾರ ಏನು ಮಾಡ್ತಾನೆ? ಅಗೀತಾನೆ. ಲಿಂಗ ಎತ್ತಿ ನೋಡ್ತಾನೆ, ಗರ್ಭಗುಡಿ ಕೆಡವಿ ನೋಡ್ತಾನೆ. ನಿಧಿಗಳ್ಳರು ಗುಡಿ ಅಗೆದ ಸುದ್ದಿ ನಮ್ಮ ಭಾಗದ ಪೇಪರ್‌ಗೆ ಹೊಸದಲ್ಲ. ಹಂಪಿಯ ಎಷ್ಟೋ ಗುಡಿಗಳಲ್ಲಿ ಪೀಠ ಖಾಲಿ, ನೆಲದ ಚಪ್ಪಡಿ ಎದ್ದಿದೆ. ನಿಧಿಗೆ ಅಂಕ ಕೊಡೋ ಹಂಪಿ ಸೋರ್ಸ್‌ಬುಕ್ ಅಂದ್ರೆ ಅದೇ ಕಳ್ಳರ ಕಣ್ಣಿನಲ್ಲಿ ಹಂಪಿ ನೋಡೋದನ್ನು ಕಲಿಸೋ ಪುಸ್ತಕ. 2019ರ ಫೆಬ್ರುವರಿಯಲ್ಲಿ ಹಂಪಿಯ ಗುಡಿಯೊಂದರ ಕಂಬ ತಳ್ಳಿ ಬೀಳಿಸೋ ವಿಡಿಯೋ ಹರಿದಾಡಿದ್ದು ನೆನಪಿರಬಹುದು. ಸಿಕ್ಕಿಬಿದ್ದ ಹುಡುಗರಿಗೆ ಕೋರ್ಟು ತಲಾ 70,000 ರೂಪಾಯಿ ದಂಡ ಹಾಕಿ, ಬಿದ್ದ ಕಂಬವನ್ನು ಅವರ ಕೈಯಿಂದಲೇ ನಿಲ್ಲಿಸೋ ಹಾಗೆ ಮಾಡಿತು. ಕಂಬ ಬಿದ್ದಾಗ ಎಣಿಕೆಗೆ ಸಿಕ್ಕಿದ್ದು ವ್ಯೂಸ್ ಮಾತ್ರ.

ಸಾಮಾನ್ಯವಾಗಿ ಬರೋ ಇನ್ನೊಂದು ದೋಷ ನಕ್ಷೆಯಲ್ಲಿ ಇರುತ್ತೆ. ಇಡೀ ಹಂಪಿ ಮೇಲೆ "ಅವಶೇಷಗಳು" ಅಂತ ಒಂದೇ ಪದ ಬರೆದು ಬಿಡೋದು. ಅಲ್ಲಿ ಗದ್ದೆ ಇದೆ, ಬಾಳೆ ಇದೆ, ಕಬ್ಬಿದೆ. ವಿಜಯನಗರ ಕಾಲದ ತುರ್ತಾ ಕಾಲುವೆಯಲ್ಲಿ ಇವತ್ತಿಗೂ ನೀರು ಹರಿಯುತ್ತೆ. ವಿರೂಪಾಕ್ಷನಿಗೆ ದಿನಾ ಪೂಜೆ ನಡೆಯುತ್ತೆ. ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಸಂಸಾರ ಮಾಡಿಕೊಂಡು, ಅಂಗಡಿ ಇಟ್ಕೊಂಡು ಜನ ಇದ್ದರು. 2011ರಲ್ಲಿ ಅವನ್ನೆಲ್ಲ ತೆರವು ಮಾಡಿದರು. ಸ್ಮಾರಕ ಉಳೀಬೇಕಾ, ಜನ ಉಳೀಬೇಕಾ ಅನ್ನೋದು ಸುಲಭದ ಪ್ರಶ್ನೆ ಅಲ್ಲ, ಅದಕ್ಕೆ ಇಲ್ಲಿ ಉತ್ತರ ಕೊಡೋಕೆ ನಾವು ಹೊರಟಿಲ್ಲ. ಆದರೆ ನಕ್ಷೆ ಮೇಲೆ "ಅವಶೇಷ" ಅಂತ ಬರೆದ ಪುಸ್ತಕದಲ್ಲಿ ಆ ಪ್ರಶ್ನೆ ಹುಟ್ಟೋದೇ ಇಲ್ಲ. ಅಲ್ಲಿ ಯಾರೂ ಇಲ್ಲವಲ್ಲ.

500 ವರ್ಷ ಹಳೇ ಸೋರ್ಸ್‌ಬುಕ್

ಹಾಗಾದ್ರೆ ಒಳ್ಳೇದು ಹೇಗಿರುತ್ತೆ? ನಮಗೆ ಸಿಕ್ಕ ಅತ್ಯುತ್ತಮ ಉದಾಹರಣೆ ಆಟದ ಪುಸ್ತಕವೇ ಅಲ್ಲ. ಸುಮಾರು 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿಟ್ಟ ವೃತ್ತಾಂತ ಅದು. 1900ರಲ್ಲಿ ರಾಬರ್ಟ್ ಸಿವೆಲ್ ತಮ್ಮ 'ಎ ಫರ್ಗಾಟನ್ ಎಂಪೈರ್' ಪುಸ್ತಕದಲ್ಲಿ ಅದನ್ನು ಇಂಗ್ಲಿಷಿಗೆ ತಂದರು.

ಪ್ರೈಮರಿ ಶಾಲೆಯಲ್ಲಿ ನಾವೆಲ್ಲ ಓದಿದ್ದು ಒಂದೇ: ವಿಜಯನಗರದಲ್ಲಿ ಮುತ್ತು ರತ್ನಗಳನ್ನು ಬೀದಿಯಲ್ಲಿ ಬಳ್ಳದಿಂದ ಅಳೆದು ಮಾರ್ತಿದ್ದರು. ಪಾಯೆಸ್ ವಜ್ರ-ಮುತ್ತಿನ ಬಗ್ಗೆಯೂ ಬರೀತಾನೆ. ಆದರೆ ಅವನು ಕೋಳಿ ರೇಟನ್ನೂ ಬರೀತಾನೆ. ಪಟ್ಟಣದ ಒಳಗೆ ಒಂದು ಸಣ್ಣ ನಾಣ್ಯಕ್ಕೆ 3 ಕೋಳಿ, ಹೊರಗೆ ಹೋದ್ರೆ ಅದೇ ನಾಣ್ಯಕ್ಕೆ 4.

ಒಬ್ಬ ಡಿಎಂಗೆ ಈ ಒಂದು ಸಾಲು ಎಷ್ಟು ಕೊಡುತ್ತೆ ನೋಡಿ. ಒಳಗೂ ಹೊರಗೂ ಬೆಲೆ ವ್ಯತ್ಯಾಸ ಇದೆ ಅಂದ ಮೇಲೆ ಯಾರೋ ಕೋಳಿ ಹೊತ್ಕೊಂಡು ಕೋಟೆ ಬಾಗಿಲು ದಾಟ್ತಿದ್ದಾರೆ. ಬಾಗಿಲಲ್ಲಿ ಸುಂಕದವನು ಇರಬಹುದು. ಸುಂಕ ತಪ್ಪಿಸೋಕೆ ಬಂಡೆ ಸಂದಿಯ ದಾರಿ ಗೊತ್ತಿರೋ ಹುಡುಗ ಇರಬಹುದು. ನಿಮ್ಮ ಕಳ್ಳನ ಪಾತ್ರಕ್ಕೆ ಕೋಟೆ ಒಳಗೆ ಹೋಗಬೇಕಾ? ಕೋಳಿ ಬುಟ್ಟಿ ಹೊತ್ಕೊಂಡು ಹೋಗು. ಎಂಟು ಪುಟದ ರಾಜವಂಶದ ಇತಿಹಾಸ ಇಷ್ಟು ಕೊಡಲ್ಲ.

ಪಾಯೆಸ್ ಹೊಳೆ ದಾಟೋ ಬುಟ್ಟಿಯಂಥ ದುಂಡನೆಯ ದೋಣಿಗಳನ್ನೂ ಹೇಳ್ತಾನೆ, ಅಂದ್ರೆ ನಮ್ಮ ಹರಿಗೋಲು. ರಾಜ ಕಟ್ಟಿಸ್ತಿದ್ದ ದೊಡ್ಡ ಕೆರೆಯ ಕೆಲಸದಲ್ಲಿ 15ರಿಂದ 20 ಸಾವಿರ ಜನರನ್ನು ಕಂಡೆ ಅಂತಾನೆ. ಅದರ ಏರಿ ಮತ್ತೆ ಮತ್ತೆ ಒಡೀತಿತ್ತು, ಕೊನೆಗೆ ಬಲಿ ಕೊಟ್ಟರು ಅಂತಲೂ ಬರೀತಾನೆ. ಸಾಧಾರಣ ಲೇಖಕನ ಕೈಗೆ ಈ ಸಂಗತಿ ಸಿಕ್ಕರೆ "ಕೆರೆ ಅಡಿಯಲ್ಲಿ ರಾಕ್ಷಸ ಇದ್ದಾನೆ, ಹೊಡೀರಿ" ಅಂತ ಮುಗಿಸ್ತಾನೆ. ಒಳ್ಳೆ ಲೇಖಕ ಎಣಿಸ್ತಾನೆ: ಮಳೆಗಾಲಕ್ಕೆ ಇನ್ನೆಷ್ಟು ವಾರ? ದಿನಕ್ಕೆ ಎಷ್ಟು ಮೊಳ ಏರಿ ಏಳುತ್ತೆ? ಕೂಲಿ ಕೊಡೋಕೆ ಎಷ್ಟು ದಿನದ ದುಡ್ಡಿದೆ? ಏರಿ ಒಡೆದರೆ ಕೆಳಗಿನ ಯಾವ ಹಳ್ಳಿ ಮುಳುಗುತ್ತೆ? ಈ ನಾಲ್ಕು ಅಂಕಿ ಇದ್ರೆ ಬಲಿ ಕೊಡಬೇಕು ಅನ್ನೋರ ಮಾತು, ಬೇಡ ಅನ್ನೋರ ಮಾತು ಎರಡಕ್ಕೂ ತೂಕ ಬರುತ್ತೆ. ರಾಕ್ಷಸ ಇದ್ರೂ ಇರಲಿ, ನಮ್ಮದೇನೂ ಅಭ್ಯಂತರ ಇಲ್ಲ.

ಪಾಯೆಸ್ ನಂತರ ಬಂದ ನ್ಯೂನಿಜ್ ಕುದುರೆ ವ್ಯಾಪಾರಿ. ರಾಜ ವರ್ಷಕ್ಕೆ 13,000 ಹೊರ್ಮುಜ್ ಕುದುರೆ ಕೊಳ್ತಿದ್ದ ಅಂತ ಅವನ ಲೆಕ್ಕ. ಅಂಕಿ ಉತ್ಪ್ರೇಕ್ಷೆ ಇರಬಹುದು, ವ್ಯಾಪಾರಿ ಮಾತು. ಆದರೂ ಅದು ಆಟಕ್ಕೆ ಬರುತ್ತೆ. ಕುದುರೆ ಸಮುದ್ರದ ಆಚೆಯಿಂದ ಬರಬೇಕು ಅಂದ ಮೇಲೆ ಒಂದು ಬಂದರು ಮುಚ್ಚಿದ್ರೆ ಸೈನ್ಯ ಕಾಲ್ನಡಿಗೆಗೆ ಇಳಿಯುತ್ತೆ. ಯಾರ ಕೈಯಲ್ಲಿ ಬಂದರಿದೆ ಅನ್ನೋದು ಕಥೆ ಆಗುತ್ತೆ.

ಒಂದು ಎಳೆ ಎಳೆದು ನೋಡಿ

ಎರಡನೇ ಪರೀಕ್ಷೆ ಮೊದಲನೆಯದರಿಂದಲೇ ಬರುತ್ತೆ. ಪುಸ್ತಕದಲ್ಲಿರೋ ಯಾವುದಾದ್ರೂ ಒಂದು ವಸ್ತು ತೆಗೆದುಹಾಕಿ. ಬೇರೆ ಏನಾದ್ರೂ ಅಲುಗಾಡುತ್ತಾ? ಅಲುಗಾಡಿದ್ರೆ ಆ ನಾಡಿಗೆ ಜೀವ ಇದೆ. ಇಲ್ಲ ಅಂದ್ರೆ ಅದು ಸಿನಿಮಾ ಸೆಟ್ಟು.

ನಿಜವಾದ ನಾಡು ಹೇಗೆ ಅಲುಗಾಡುತ್ತೆ ಅಂತ ಹೊಸಪೇಟೆಯವರಿಗೆ ಬೇರೆ ಯಾರೂ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳ ಪೈಕಿ 19ನೇದರ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯ್ತು. ಡ್ಯಾಂ ತುಂಬಿತ್ತು. ಒತ್ತಡ ಇಳಿಸೋಕೆ ಉಳಿದ ಗೇಟು ಎತ್ತಿ ನೀರು ಬಿಡಬೇಕಾಯ್ತು. ಕೆಳಗೆ ಕಂಪ್ಲಿ ತನಕ ಹೊಳೆ ದಂಡೆಯವರಿಗೆ ಪ್ರವಾಹದ ಭಯ, ಕಾಲುವೆ ಕೊನೆಯ ರೈತರಿಗೆ ನೀರು ಖಾಲಿಯಾಗೋ ಭಯ. ಎರಡೂ ಒಂದೇ ರಾತ್ರಿ. ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ತುಂಡು ತುಂಡಾಗಿ ಇಳಿಸಿ ಒಂದು ವಾರದಲ್ಲಿ ಮುಚ್ಚಿದರು. ಒಂದು ಚೈನು, ಮೂರು ರಾಜ್ಯದ ಗದ್ದೆ. ಮೆಕ್ಯಾನಿಕಲ್, ಸಿವಿಲ್ ನವರಿಗೆ ಇದಕ್ಕಿಂತ ಒಳ್ಳೆ ಸಾಹಸ ಕಥೆ ಯಾವ ಪುಸ್ತಕದಲ್ಲಿದೆ? ಇದರಲ್ಲಿ ಖಳನಾಯಕನೇ ಇಲ್ಲ. ನೀರು, ಸಮಯ, ತುಕ್ಕು ಅಷ್ಟೇ.

ಸಂಡೂರು ನೋಡಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ರಸ್ತೆ ಮೇಲೆ ಅದಿರಿನ ಲಾರಿ ಸಾಲು ನಿಂತುಹೋಯ್ತು. ಬೆಳೆ ಮೇಲೆ ಕೂರ್ತಿದ್ದ ಕೆಂಪು ಧೂಳು ಕಮ್ಮಿ ಆಯ್ತು. ಅದೇ ಹೊತ್ತಿಗೆ ಲಾರಿ ಕಂತು ಕಟ್ಟೋರು, ಗ್ಯಾರೇಜಿನವರು, ದಾಬಾದವರು ಕೈಕಟ್ಟಿ ಕೂತರು. ಒಳ್ಳೆ ಸೋರ್ಸ್‌ಬುಕ್ "ದುಷ್ಟ ಗಣಿ ದೊರೆ" ಅಂತ ಒಂದು ಸಾಲು ಬರೆದು ಬಿಡಲ್ಲ. ಗಣಿ ನಿಂತ ದಿನ ಯಾರು ನಿಟ್ಟುಸಿರು ಬಿಟ್ಟರು, ಯಾರ ಮನೆ ಒಲೆ ಆರಿತು ಅಂತ ಎರಡೂ ಬರೆಯುತ್ತೆ. ಆಗ ಗಣಿ ಮುಚ್ಚಿಸೋಕೆ ಹೊರಟ ವೀರರಿಗೂ ರಾತ್ರಿ ನಿದ್ದೆ ಬರಲ್ಲ.

ಕಂಪ್ಲಿಗೆ ಬನ್ನಿ. ದೆಹಲಿ ಸುಲ್ತಾನ ಮಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ಬಂಡೆದ್ದ ಅವನ ಬಂಧು ಬಹಾವುದ್ದೀನ್ ಗುರ್ಶಾಸ್ಪ್ ಓಡಿ ಬಂದು ಆಶ್ರಯ ಕೇಳಿದ್ದು ಕಂಪಿಲರಾಯನ ಹತ್ತಿರ. ರಾಯ ಕೊಟ್ಟ. ದೆಹಲಿಯ ದಂಡು ಬಂತು, 1327ರ ಹೊತ್ತಿಗೆ ರಾಜ್ಯವೇ ಮುಗೀತು. ಮಗ ಕುಮಾರರಾಮನ ಕಥೆ ಇವತ್ತಿಗೂ ಹಾಡಾಗಿ, ಆಟವಾಗಿ ನಮ್ಮ ಹಳ್ಳಿಗಳಲ್ಲಿ ಉಳಿದಿದೆ. "ಶರಣು ಬಂದವನನ್ನು ಒಪ್ಪಿಸ್ತೀರಾ, ಇಟ್ಕೊಳ್ತೀರಾ?" ಡಿಎಂ ಈ ಪ್ರಶ್ನೆ ಕೇಳಿದಾಗ ಆಟಗಾರರ ಕೈಯಲ್ಲಿ ಎರಡು ಅಂಕಿ ಇರಬೇಕು: ದಂಡು ಬರೋಕೆ ಎಷ್ಟು ದಿನ, ಕೋಟೆಯಲ್ಲಿ ಧಾನ್ಯ ಎಷ್ಟು ದಿನ. ಎರಡೂ ಇಲ್ಲದಿದ್ರೆ ಅದು ಬರೀ ಡೈಲಾಗು.

ಈಚಿನದೊಂದು ಪುಸ್ತಕ

ದೂರಿದ್ದು ಸಾಕು. 2022ರಲ್ಲಿ ಬಂದ 'ಜರ್ನೀಸ್ ಥ್ರೂ ದಿ ರೇಡಿಯಂಟ್ ಸಿಟಡೆಲ್' ಅನ್ನು ಇದೇ ಅಳತೆಗೆ ಹಾಕೋಣ. ಅಜಿತ್ ಜಾರ್ಜ್ ಮತ್ತು ವೆಸ್ಲಿ ಶ್ನೈಡರ್ ಮುಂದಾಳತ್ವದ ಸಂಕಲನ. 13 ಸಾಹಸಗಳು, ಬರೆದವರೆಲ್ಲ ಬಿಳಿಯರಲ್ಲದ ಲೇಖಕರು, ತಮ್ಮ ತಮ್ಮ ನೆಲದ ನೆನಪಿನಿಂದ ಒಂದೊಂದು ಕಲ್ಪಿತ ನಾಡು ಕಟ್ಟಿದ್ದಾರೆ. ಕೋಲ್ಕತ್ತದಿಂದ ಹೋದ ಮಿಮಿ ಮಂಡಲ್ ಬರೆದ ಭಾಗ ನದಿಗಳ ನಾಡು. ಅಲ್ಲಿ ಹೊಳೆ ಬರೀ ನೀಲಿ ಗೆರೆ ಅಲ್ಲ, ಹೊಳೆಗೂ ಒಂದು ಚೇತನ ಇದೆ, ಮರೆತರೆ ಅದಕ್ಕೂ ನೋವಾಗುತ್ತೆ. ಇದು 1980ರ ಪಟ್ಟಿಯಿಂದ ಎಷ್ಟೋ ದೂರ ಬಂದ ಬರವಣಿಗೆ. ಹೊಳೆದಂಡೆಯಲ್ಲಿ ಗಂಗಾಪೂಜೆ ನೋಡಿ ಬೆಳೆದವರಿಗೆ ಇದನ್ನು ಆಡಿಸೋಕೆ ವಿವರಣೆ ಬೇಕಾಗಲ್ಲ.

ಪ್ರತಿ ಸಾಹಸದ ಹಿಂದೆ ಆ ನಾಡಿನ ಪರಿಚಯ ಇದೆ: ನೋಡಬೇಕಾದ ಜಾಗ, ಜನ ಇಟ್ಕೊಳ್ಳೋ ಹೆಸರು, ಮುಂದೆ ಆಡಿಸಬಹುದಾದ ಕಥೆಯ ಎಳೆ. ಹೆಸರಿನ ಪಟ್ಟಿ ಸಣ್ಣ ವಿಷಯ ಅನ್ನಬೇಡಿ. ಆಟದ ಮಧ್ಯೆ ಹರಿಗೋಲಿನವನ ಹೆಸರೇನು ಅಂತ ಕೇಳಿದ್ರೆ ಡಿಎಂ ತಬ್ಬಿಬ್ಬಾಗೋದು ಅಲ್ಲೇ. ಕೊರತೆ ಏನಪ್ಪಾ ಅಂದ್ರೆ ಆ ಪರಿಚಯ ಕೆಲವೇ ಪುಟ. ಊರು ಏನು ಬೆಳೆಯುತ್ತೆ, ಏನು ತರಿಸಿಕೊಳ್ಳುತ್ತೆ, ನೀರು ಯಾರ ಕೈಲಿದೆ ಅನ್ನೋ ಹೊತ್ತಿಗೆ ಪುಟ ಮುಗಿದು ಮುಂದಿನ ನಾಡು ಶುರುವಾಗಿರುತ್ತೆ. ನಮ್ಮ ತೀರ್ಪು: ಮನಸ್ಸಿಟ್ಟು ಬರೆದ ಪುಸ್ತಕ, ಜನ ಇದ್ದಾರೆ, ಎಣಿಕೆ ಕಮ್ಮಿ. ಕೊಳ್ಳಬಹುದು, ಆದರೆ ಕೋಳಿ ರೇಟ್ ನೀವೇ ಹಾಕ್ಕೋಬೇಕು.

"ಆಟ ಆಡಾಕ ಬಂದೀವಿ, ಅಕೌಂಟ್ಸ್ ಬರಿಯಾಕಲ್ಲ"

ಇದು ನಮ್ಮ ಗುಂಪಿನಲ್ಲೇ ಎದ್ದ ಆಕ್ಷೇಪ. ನ್ಯಾಯವಾದದ್ದೇ. ಎಲ್ಲವನ್ನೂ ಎಣಿಸೋ ಪುಸ್ತಕವೂ ಕೆಟ್ಟ ಪುಸ್ತಕವೇ. ಪ್ರತಿ ಅಂಗಡಿಯ ಪ್ರತಿ ಸಾಮಾನಿನ ಬೆಲೆ ಬರೆದಿಟ್ಟರೆ ಅದು ರೇಷನ್ ಅಂಗಡಿ ರಿಜಿಸ್ಟರ್ ಆಗುತ್ತೆ. ಐದನೇ ಆವೃತ್ತಿಯಲ್ಲಿ ಒಂದು ನಿಯಮ ಇದೆ: ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರೆ, ಕುಡಿಯೋಕೆ ನೀರು ಇಲ್ಲದಿದ್ರೆ, ಗಂಟೆಗೊಮ್ಮೆ ಡೈಸ್ ಉರುಳಿಸಿ ಸುಸ್ತಾಗಿಲ್ಲ ಅಂತ ಸಾಬೀತು ಮಾಡಬೇಕು. ಆ ಲೆಕ್ಕದಲ್ಲಿ ಏಪ್ರಿಲ್ ತಿಂಗಳು ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರೆಲ್ಲ ಡೈಸ್ ಹಿಡ್ಕೊಂಡೇ ನಿಲ್ಲಬೇಕು.

ಆದ್ದರಿಂದ ನಾವು ಕೇಳ್ತಿರೋದು ಹೆಚ್ಚು ಅಂಕಿ ಅಲ್ಲ, ಸರಿಯಾದ ಅಂಕಿ. ಆಟಗಾರ ಒಂದು ನಿರ್ಧಾರ ಮಾಡುವಾಗ ಬೇಕಾಗೋ ಅಂಕಿ. ಹೊಸಪೇಟೆಯಿಂದ ಕಂಪ್ಲಿಗೆ 30 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಆಟದ ನಿಯಮದಂತೆ ನಡೆದು ಹೋಗೋರು ದಿನಕ್ಕೆ 24 ಮೈಲಿ, ಅಂದ್ರೆ 38 ಕಿಲೋಮೀಟರ್ ದಾಟಬಹುದು. ಹಾಗಾದ್ರೆ ಬೆಳಿಗ್ಗೆ ಹೊರಟವರು ಸಂಜೆಯೊಳಗೆ ಸುದ್ದಿ ಮುಟ್ಟಿಸಬಹುದು, ಹೊಳೆಗೆ ನೀರು ಬಂದು ದಾರಿ ಕಟ್ಟಾಗಿಲ್ಲದಿದ್ರೆ. ಇಷ್ಟು ಗೊತ್ತಿದ್ರೆ ಸಾಕು.

ಇನ್ನೊಂದು ಆಕ್ಷೇಪ: "ಫ್ಯಾಂಟಸಿಗೆ ನಿಜದ ಹಂಗು ಯಾಕೆ?" ಹಂಗು ಬೇಡ. ಗುಡ್ಡ ಹಾರಲಿ, ವಾನರರು ಮಾತಾಡಲಿ. ಆದರೆ ವಿಚಿತ್ರವೂ ಕೈಗೆ ಸಿಗೋ ಹಾಗೆ ಇರಬೇಕು. ವಿರೂಪಾಕ್ಷ ಗುಡಿಯಲ್ಲಿ ಗೋಪುರದ ನೆರಳು ಗೋಡೆ ಮೇಲೆ ತಲೆಕೆಳಗಾಗಿ ಬೀಳೋದನ್ನು ನಾವೆಲ್ಲ ನೋಡಿದ್ದೀವಿ. "ನಿಗೂಢ ನೆರಳು" ಅಂತ ಬರೆದು ಬಿಟ್ಟರೆ ಆಟಗಾರ "ಓಹೋ" ಅಂತಾನೆ, ಮುಂದಕ್ಕೆ ಹೋಗ್ತಾನೆ. ತೂತು ಎಲ್ಲಿದೆ, ಬೆಳಕು ಯಾವ ಹೊತ್ತಿಗೆ ಬರುತ್ತೆ, ಗೋಪುರದ ಮೇಲೆ ಯಾರಾದ್ರೂ ನಿಂತರೆ ಒಳಗಿನ ಗೋಡೆ ಮೇಲೆ ಕಾಣುತ್ತಾ ಅಂತ ಬರೆದ್ರೆ ಅವನು ಅಲ್ಲೇ ಕೂತು ಪ್ಲಾನ್ ಹಾಕ್ತಾನೆ. ಮಹಾನವಮಿ ದಿಬ್ಬದ ಹತ್ತಿರದ ಮೆಟ್ಟಿಲು ಪುಷ್ಕರಣಿಯ ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು ಅಂತ ಕಲ್ಲುಕುಟಿಗರು ಕೊರೆದ ಗುರುತುಗಳಿವೆ. ನಂಬರ್ ಹಾಕಿ ಜೋಡಿಸಿದ ಕಟ್ಟಡ. ಅದನ್ನೇ ಒಂದು ಮಾಯಾ ಬಾವಿ ಮಾಡಿ: ಕಲ್ಲುಗಳು ಜಾಗ ಬದಲಿಸಿವೆ, ಗುರುತು ಓದಿ ಸರಿಮಾಡಿದ್ರೆ ಬಾಗಿಲು. ಫ್ಯಾಂಟಸಿಯೂ ಆಯ್ತು, ಅದನ್ನು ಕಟ್ಟಿದವನ ಕೈಯೂ ಕಂಡಿತು.

ಕರಡಿಗೂ ಇದೇ ಮಾತು. ಎಲ್ಲ ಪುಸ್ತಕದಲ್ಲೂ ಕರಡಿಗೆ ಹಿಟ್ ಪಾಯಿಂಟ್ ಇದೆ, ಪಂಜಿನ ಪೆಟ್ಟು ಇದೆ. ದರೋಜಿ ಕರಡಿಧಾಮ ಆಗಿದ್ದು 1994ರಲ್ಲಿ. ಅಲ್ಲಿ ಸಂಜೆ ಹೊತ್ತು ಕರಡಿ ಬಂಡೆ ಇಳಿದು ಬರೋದು ಯಾರನ್ನೂ ಹೊಡೆಯೋಕಲ್ಲ, ಬಂಡೆಗೆ ಸವರಿದ ಬೆಲ್ಲದ ಪಾಕ ನೆಕ್ಕೋಕೆ. ಗೆದ್ದಲು, ಜೇನು, ಹಣ್ಣು ಅದರ ಊಟ. ಕರಡಿಗೆ ಏನು ಬೇಕು ಅಂತ ಒಂದು ಸಾಲು ಬರೆದ ಪುಸ್ತಕದಲ್ಲಿ ಆಟಗಾರ ಕತ್ತಿ ಒರೆಯಲ್ಲಿ ಇಟ್ಟು ಬೆಲ್ಲ ಹುಡುಕ್ತಾನೆ.

ನಾವು ಕೇಳೋದು ಇಷ್ಟು

ಮುಂದಿನ ಸಲ ಯಾರಾದ್ರೂ ಪುಸ್ತಕ ಕೊಳ್ಳೋಣ ಅಂದಾಗ, ದುಡ್ಡು ಹಾಕೋಕೆ ಮುಂಚೆ ಹತ್ತು ನಿಮಿಷ ಇದನ್ನು ಮಾಡಿ. ಮುಖಪುಟ ನೋಡಬೇಡಿ. ಮೊದಲು ಅಂಕ ಯಾವುದಕ್ಕೆ ಸಿಗುತ್ತೆ ಅನ್ನೋ ಪುಟ ತೆಗೀರಿ. ಆಮೇಲೆ ಒಂದು ಊರಿನ ಪುಟ ತೆಗೆದು ಅಲ್ಲಿ ಊಟದ ಬೆಲೆ, ನೀರಿನ ಮೂಲ, ಮೂರು ಜನರ ಹೆಸರು ಸಿಗುತ್ತಾ ನೋಡಿ. ಒಂದು ಸೇತುವೆಯನ್ನೋ ಗಣಿಯನ್ನೋ ಮನಸ್ಸಿನಲ್ಲೇ ಕಿತ್ತುಹಾಕಿ, ಪುಸ್ತಕದ ಬೇರೆ ಯಾವ ಪುಟಕ್ಕೆ ಪೆಟ್ಟು ಬೀಳುತ್ತೆ ನೋಡಿ. ಕೊನೆಗೆ ಒಂದು ಪ್ರಾಣಿಯ ಪುಟ ತೆಗೆದು, ಅದಕ್ಕೆ ಏನು ಬೇಕು ಅಂತ ಬರೆದಿದೆಯಾ ನೋಡಿ. ನಾಲ್ಕರಲ್ಲಿ ಮೂರಕ್ಕೆ ಉತ್ತರ ಸಿಕ್ಕರೆ ದುಡ್ಡು ಹಾಕಿ.

ಬರೀತೀನಿ ಅನ್ನೋರಿಗೆ ಒಂದು ಮಾತು. 2023ರ ಜನವರಿಯಿಂದ ಐದನೇ ಆವೃತ್ತಿಯ ಮೂಲ ನಿಯಮಗಳ ಎಸ್‌ಆರ್‌ಡಿ ದಾಖಲೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿದೆ. ಮೂಲಕ್ಕೆ ಹೆಸರು ಕೊಟ್ಟು ಯಾರು ಬೇಕಾದ್ರೂ ಅದರ ಮೇಲೆ ಪುಸ್ತಕ ಕಟ್ಟಬಹುದು, ಕನ್ನಡದಲ್ಲೂ, ಮಾರೋಕೂ. ಹಾಗಾಗಿ ಹಂಪಿಯ ಸೋರ್ಸ್‌ಬುಕ್ ಇವತ್ತಲ್ಲ ನಾಳೆ ಯಾರೋ ಬರೆದೇ ಬರೀತಾರೆ. ಇಲ್ಲಿಗೆ ಒಂದು ವೀಕೆಂಡ್ ಬಂದು ಹೋದವರು ಬರೆದ್ರೆ ಅವರು ಎಣಿಸೋದು ಕಂಬ, ಕಲ್ಲಿನ ರಥ, ನಿಧಿ. ಅವರ ತಪ್ಪೇನಿಲ್ಲ, ಅವರಿಗೆ ಕಾಣೋದು ಅಷ್ಟೇ. ಕಾಲುವೆಗೆ ನೀರು ಯಾವಾಗ ಬಿಡ್ತಾರೆ, ಸಂಡೂರಿನ ತಾಂಡಾದಲ್ಲಿ ಕಸೂತಿ ಹಾಕೋ ಅಜ್ಜಿಗೆ ಕನ್ನಡಿ ಚೂರು ಎಲ್ಲಿಂದ ಬರುತ್ತೆ, ಕಂಪ್ಲಿಯ ಗದ್ದೆಯಲ್ಲಿ ನಾಟಿ ಕೂಲಿ ಎಷ್ಟು, ಮಿರ್ಚಿ-ಒಗ್ಗರಣೆ ಪ್ಲೇಟ್ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು, ಹಂಪಿ ಒಳಗೆ ಎಷ್ಟು, ಇದೆಲ್ಲ ಗೊತ್ತಿರೋದು ನಮಗೆ.

ಕನ್ನಡ ಸಂಘದ ಕಡೆಯಿಂದ ರಾಜ್ಯೋತ್ಸವದ ಹೊತ್ತಿಗೆ 16 ಪುಟದ ಒಂದು ಕಿರುಪುಸ್ತಕ ತರೋ ಯೋಚನೆ ಇದೆ. ರಾಜರ ಬಗ್ಗೆ ಲೇಖನ ಸದ್ಯಕ್ಕೆ ಬೇಡ, ಸಾಕಷ್ಟು ಬಂದಿವೆ. ನಿಮ್ಮ ಊರಿನಿಂದ ಒಂದು ಬೆಲೆ, ಒಂದು ದೂರ, ಒಂದು ಸರದಿ ಬರೆದು ಕಳಿಸಿ. ಕಾಲುವೆ ನೀರಿನ ಸರದಿ ಗೊತ್ತಿರೋರು ಮನೆಯಲ್ಲಿ ಅಪ್ಪನ್ನೋ ದೊಡ್ಡಪ್ಪನ್ನೋ ಕೇಳ್ಕೊಂಡು ಬಂದ್ರೆ ಇನ್ನೂ ಒಳ್ಳೇದು. ಡ್ರ್ಯಾಗನ್ ನಾವು ಹಾಕ್ಕೊಳ್ತೀವಿ.